ಎಳೆಯ ಮಕ್ಕಳ ವೈರಾಣು ಭೇದಿ

ಐದು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಎರಡು ತುಂಬದ ಕೂಸುಗಳಿಗೆ, ಕರುಳಿಗೆ ವೈರಾಣು ತಗುಲಿ ಬರುವ ವಾಂತಿಭೇದಿ. ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರುನೀರಾಗಿ ಹೋದರೆ ಅದು ಭೇದಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಎದೆಹಾಲು ಮಾತ್ರ ಕುಡಿಯುವ ಶಿಶು ದಿನಕ್ಕೆ ಏಳೆಂಟು ಸಲ ಮೆತ್ತಗೆ ಹೋಗುವುದು ಈ ಲೆಕ್ಕಕ್ಕೆ ಸೇರದು. ಎಷ್ಟೋ ತಾಯಂದಿರು ಅದಕ್ಕೇ ಗಾಬರಿಬಿದ್ದು ಮೆಡಿಕಲ್ ಸ್ಟೋರಿಗೆ ಓಡುತ್ತಾರೆ. ಎಲ್ಲ ಬಗೆಯ ಭೇದಿ ಸೇರಿ ಜಗತ್ತಿನಲ್ಲಿ ವರ್ಷಕ್ಕೆ ಐದರೊಳಗಿನ ಸುಮಾರು 4.4 ಲಕ್ಷ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತದೆ ಎಂದು ಅದೇ ಸಂಸ್ಥೆ ಅಂದಾಜು ಮಾಡಿದೆ. ಬ್ಯಾಕ್ಟೀರಿಯಾ ಮತ್ತು ಪರೋಪಜೀವಿಗಳ ಪಾಲೂ ಇದರಲ್ಲಿ ಚಿಕ್ಕದಲ್ಲ. ಆದರೆ ನೀರುಭೇದಿಯಾಗಿ ಆಸ್ಪತ್ರೆ ಸೇರುವ ಕೂಸುಗಳನ್ನಷ್ಟೇ ನೋಡಿದರೆ ಮುಂದೆ ನಿಲ್ಲುವುದು ವೈರಾಣುಗಳು: ರೋಟಾವೈರಸ್, ನೊರೊವೈರಸ್, ಸಾಪೊವೈರಸ್, ಆಸ್ಟ್ರೊವೈರಸ್ ಮತ್ತು ಅಡೆನೊವೈರಸ್ಸಿನ 40, 41ನೆಯ ಬಗೆಗಳು.

ಕಾಲರಾ, ಟೈಫಾಯಿಡ್‌ಗಳು ಊರಿಗೆ ಶುದ್ಧ ನೀರಿನ ನಲ್ಲಿ ಬಂದಂತೆ ಹಿಂದೆ ಸರಿದವು. ರೋಟಾವೈರಸ್ ಹಾಗೆ ಸರಿಯಲಿಲ್ಲ. ಲಸಿಕೆ ಬರುವ ಮೊದಲು ಸ್ಟಾಕ್‌ಹೋಮಿನ ಮಗುವಿಗೂ ರಾಯಚೂರಿನ ಮಗುವಿಗೂ ಐದು ತುಂಬುವುದರೊಳಗೆ ಒಮ್ಮೆಯಾದರೂ ಅದು ತಗುಲಿಯೇ ತಗುಲುತ್ತಿತ್ತು. ಸೋಂಕಿನಲ್ಲಿ ಬಡವ ಬಲ್ಲಿದ ಎಂಬ ಭೇದವಿಲ್ಲ, ಸಾವಿನಲ್ಲಿ ಇದೆ. ಅಮೆರಿಕದಲ್ಲಿ ಲಸಿಕೆಗೆ ಮುಂಚೆ ವರ್ಷಕ್ಕೆ 55 ಸಾವಿರದಿಂದ 70 ಸಾವಿರ ಮಕ್ಕಳು ಈ ವೈರಾಣುವಿನಿಂದ ಆಸ್ಪತ್ರೆ ಸೇರುತ್ತಿದ್ದರು. ಸಾಯುತ್ತಿದ್ದವರು 20ರಿಂದ 60 ಮಂದಿ. 2013ರ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ ರೋಟಾವೈರಸ್‌ನಿಂದ ಸತ್ತ ಮಕ್ಕಳು 2.15 ಲಕ್ಷ, ಅದರಲ್ಲಿ ಭಾರತದವರೇ 47 ಸಾವಿರ. ವೈರಾಣು ಎರಡು ಕಡೆಯೂ ಒಂದೇ. ವ್ಯತ್ಯಾಸವಿರುವುದು ಮಗುವಿನ ಮೈಯಿಂದ ಹೋದ ನೀರು ಎಷ್ಟು ಬೇಗ ಮೈಗೆ ಮರಳಿತು ಎಂಬುದರಲ್ಲಿ.

ಪತ್ತೆಯಾದ ಬಗೆ

1970ರ ದಶಕದ ಆರಂಭದವರೆಗೂ ಮಕ್ಕಳ ಭೇದಿಗೆ ಕಾರಣ ಹುಡುಕುವವರಿಗೆ ಬಹುತೇಕ ಸಲ ಏನೂ ಸಿಗುತ್ತಿರಲಿಲ್ಲ. ಮಲವನ್ನು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಹಾಕಿದರೆ ರೋಗಾಣು ಏಳುತ್ತಿರಲಿಲ್ಲ. ಹಲ್ಲು ಬರುತ್ತಿದೆ, ಹಾಲು ಒಗ್ಗಲಿಲ್ಲ, ಹವೆ ಬದಲಾಯಿತು ಎಂಬ ವಿವರಣೆಗಳು ಮನೆಯಲ್ಲಷ್ಟೇ ಅಲ್ಲ, ವೈದ್ಯರ ಬಾಯಲ್ಲೂ ಓಡಾಡುತ್ತಿದ್ದವು. ಇದು ವೈರಾಣುವಿನ ಕೆಲಸವಿರಬೇಕೆಂಬ ಅನುಮಾನವಿತ್ತು, ಕಣ್ಣಾರೆ ಕಂಡವರಿರಲಿಲ್ಲ.

ಕಂಡದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, 1973ರಲ್ಲಿ. ಅಲ್ಲಿನ ರಾಯಲ್ ಮಕ್ಕಳ ಆಸ್ಪತ್ರೆಯಲ್ಲಿದ್ದ ರುತ್ ಬಿಷಪ್ ಮತ್ತು ಸಂಗಡಿಗರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣಕರುಳಿನ ಆರಂಭದ ಭಾಗದಿಂದ ಚೂರು ಅಂಗಾಂಶ ತೆಗೆದರು. ಅದನ್ನು ತೆಳುವಾಗಿ ಸೀಳಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಒಂಬತ್ತು ಮಕ್ಕಳಲ್ಲಿ ಆರು ಮಂದಿಯ ಕರುಳಿನ ಒಳಪದರದ ಕೋಶಗಳಲ್ಲಿ ದುಂಡಗಿನ ವೈರಾಣುಕಣಗಳು ಕಿಕ್ಕಿರಿದಿದ್ದವು. ಆ ವರ್ಷವೇ ಈ ವರದಿ ‘ಲ್ಯಾನ್ಸೆಟ್’ನಲ್ಲಿ ಅಚ್ಚಾಯಿತು. ಸ್ವಲ್ಪ ದಿನಕ್ಕೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಥಾಮಸ್ ಫ್ಲೂವೆಟ್ ಅದೇ ಕಣಗಳನ್ನು ನೇರವಾಗಿ ಮಲದಲ್ಲೇ ತೋರಿಸಿದ ಮೇಲೆ ಮಗುವಿನ ಕರುಳು ಚಿವುಟುವ ಅಗತ್ಯ ಉಳಿಯಲಿಲ್ಲ. ಕಣದ ನಡುವಿನ ಗುಂಬ, ಅರೆಕಾಲು, ಅಂಚಿನ ಪಟ್ಟಿ ನೋಡಿ ಚಕ್ರ ಎಂಬ ಅರ್ಥದ ಲ್ಯಾಟಿನ್ ಪದದಿಂದ ರೋಟಾವೈರಸ್ ಎಂಬ ಹೆಸರು ಸೂಚಿಸಿದವರೂ ಫ್ಲೂವೆಟ್ಟರೇ. ಕರುಗಳ ಭೇದಿಗೆ ಇಂಥದೇ ವೈರಾಣು ಕಾರಣವೆಂದು ಅಮೆರಿಕದ ನೆಬ್ರಾಸ್ಕಾದ ಪಶುವೈದ್ಯ ಸಂಶೋಧಕರು 1969ರಲ್ಲೇ ಹೇಳಿದ್ದರು. ಮನುಷ್ಯರ ವೈದ್ಯರು ದನದ ವೈದ್ಯರ ಪತ್ರಿಕೆ ಓದುವುದು ಆಗಲೂ ಕಡಿಮೆ, ಈಗಲೂ ಕಡಿಮೆ.

ನೊರೊವೈರಸ್‌ನ ಕಥೆ ಇದಕ್ಕೂ ತುಸು ಹಳೆಯದು. 1968ರ ಅಕ್ಟೋಬರಿನಲ್ಲಿ ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಊರಿನ ಪ್ರಾಥಮಿಕ ಶಾಲೆಯಲ್ಲಿ ಒಂದೆರಡು ದಿನದಲ್ಲೇ ಮಕ್ಕಳು, ಮೇಷ್ಟರು ಸೇರಿ ಸುಮಾರು ಅರ್ಧ ಮಂದಿ ವಾಂತಿಯಿಂದ ಮಲಗಿದರು. ತೆಗೆದಿಟ್ಟ ಮಲದ ಮಾದರಿಯಲ್ಲಿ ಆಲ್ಬರ್ಟ್ ಕಪೀಕಿಯನ್ 1972ರಲ್ಲಿ 27 ನ್ಯಾನೊಮೀಟರಿನ ಪುಟ್ಟ ಕಣಗಳನ್ನು ಗುರುತಿಸಿದರು. ಚೇತರಿಸಿಕೊಂಡವರ ರಕ್ತದ್ರವವನ್ನು ಬೆರೆಸಿದಾಗ ಪ್ರತಿಕಾಯಗಳು ಅಂಟಿಕೊಂಡು ಕಣಗಳು ಗುಂಪುಗೂಡುತ್ತಿದ್ದವು. ಬಿಡಿಬಿಡಿಯಾಗಿ ಕಣ್ಣಿಗೆ ಬೀಳದ್ದು ಹಾಗೆ ಗುಂಪಾದಾಗ ಕಂಡಿತು. ಊರಿನ ಹೆಸರೇ ಮುಂದೆ ವೈರಾಣುವಿನ ಹೆಸರಿನಲ್ಲಿ ಉಳಿಯಿತು. 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಆಸ್ಟ್ರೊವೈರಸ್ಸಿಗೆ, 1977ರಲ್ಲಿ ಜಪಾನಿನ ಸಪ್ಪೊರೊ ನಗರದ ಅನಾಥಾಲಯದಲ್ಲಿ ಎದ್ದ ಭೇದಿಯಿಂದಾಗಿ ಸಾಪೊವೈರಸ್ಸಿಗೆ ಹೆಸರು ಬಿತ್ತು. ಹೀಗೆ ಹತ್ತು ವರ್ಷದೊಳಗೆ ಈ ನಾಲ್ಕು ಬಗೆಗಳು ಬೆಳಕಿಗೆ ಬಂದವು.

ರೋಟಾವೈರಸ್

ಮೂರು ಪದರದ ಪ್ರೋಟೀನು ಚಿಪ್ಪು, ಒಳಗೆ ಹನ್ನೊಂದು ತುಂಡುಗಳಾಗಿರುವ ಜೋಡಿ ಎಳೆಯ ಆರ್‌ಎನ್‌ಎ. ಒಂದೊಂದು ತುಂಡೂ ಒಂದು ಜೀನ್ ಎಂದರೆ ಹೆಚ್ಚು ತಪ್ಪಾಗದು. ಎರಡು ಬೇರೆ ಬಗೆಯ ರೋಟಾವೈರಸ್‌ಗಳು ಒಂದೇ ಕೋಶ ಹೊಕ್ಕರೆ ಈ ತುಂಡುಗಳು ಅದಲುಬದಲಾಗಿ ಹೊಸ ತಳಿ ಹುಟ್ಟುತ್ತದೆ. ದನದ ಜೀನು ಮನುಷ್ಯನ ವೈರಾಣುವಿಗೆ ಬಂದು ಸೇರುವುದು ಹೀಗೆ. ಹೊರಚಿಪ್ಪಿನ ಎರಡು ಪ್ರೋಟೀನುಗಳ ಆಧಾರದ ಮೇಲೆ ತಳಿಗಳಿಗೆ ಜಿ ಮತ್ತು ಪಿ ಸಂಖ್ಯೆ ಕೊಡುವ ರೂಢಿಯಿದೆ. ಜಗತ್ತಿನ ಬಹುಪಾಲು ಮಕ್ಕಳನ್ನು ಕಾಡುವುದು ಜಿ1ಪಿ8ರಂಥ ಕೆಲವೇ ಜೋಡಿಗಳು. ಭಾರತದಲ್ಲಿ ಬೇರೆಡೆ ಅಪರೂಪವಾದ ಜೋಡಿಗಳೂ ಕಾಣಿಸಿಕೊಂಡಿವೆ. ಅದರ ಒಂದು ಬೆಂಗಳೂರಿನ ಉದಾಹರಣೆ ಲಸಿಕೆಯ ಭಾಗದಲ್ಲಿ ಬರುತ್ತದೆ.

ರೋಗಿಯ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಮಿಕ್ಕಿ ಕಣಗಳಿರುತ್ತವೆ. ಹೊಸ ಮಗುವಿಗೆ ರೋಗ ಹತ್ತಲು ನೂರಕ್ಕೂ ಕಡಿಮೆ ಕಣ ಸಾಕು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡರೆ ಕೈ ತೊಳೆದೂ ತೊಳೆದೂ ಮನೆಯ ಎರಡನೆಯ ಮಗುವಿಗೆ ಯಾಕೆ ಬಂತು ಎಂಬುದು ತಿಳಿಯುತ್ತದೆ. ಆಟಿಕೆ, ಬಾಗಿಲ ಹಿಡಿ, ಡಯಾಪರ್ ಬದಲಿಸುವ ಚಾಪೆಗಳ ಮೇಲೆ ವೈರಾಣು ದಿನಗಟ್ಟಲೆ ಬದುಕಿರುತ್ತದೆ. ಸೋಂಕು ತಗುಲಿ ಎರಡು ದಿನಕ್ಕೆ ಸಾಮಾನ್ಯವಾಗಿ ಜ್ವರ ಮತ್ತು ವಾಂತಿಯಿಂದ ಶುರು. ಅದರ ಹಿಂದೆಯೇ ಭೇದಿ. ಮೂರರಿಂದ ಎಂಟು ದಿನದ ಕಾಟ. ಉತ್ತರ ಭಾರತದಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲ ಇದರ ಸುಗ್ಗಿ. ದಕ್ಷಿಣದಲ್ಲಿ ಋತುವಿನ ಹಂಗು ಅಷ್ಟಿಲ್ಲ, ವರ್ಷವಿಡೀ ಇರುತ್ತದೆ. ನಮ್ಮಲ್ಲಿ ಭೇದಿ ಎಂದರೆ ಮಳೆಗಾಲ, ಕೆಟ್ಟ ನೀರು ಎಂಬ ಎಣಿಕೆ ಕಾಲರಾದ ಕಾಲದಿಂದ ಬಂದದ್ದು. ಈ ವೈರಾಣುವಿಗೆ ಅದು ಹೊಂದುವುದಿಲ್ಲ.

ಕರುಳಿನೊಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಚಿಕಿತ್ಸೆಯ ತರ್ಕ ಅಲ್ಲೇ ಇದೆ. ಸಣ್ಣಕರುಳಿನ ಒಳಮೈ ಟರ್ಕಿ ಟವೆಲ್ಲಿನಂತೆ ಲಕ್ಷಾಂತರ ಪುಟ್ಟ ಕುಚ್ಚುಗಳಿಂದ ತುಂಬಿರುತ್ತದೆ. ಕುಚ್ಚಿನ ತುದಿಯ ಬಲಿತ ಕೋಶಗಳು ಸಕ್ಕರೆ, ಉಪ್ಪು, ನೀರನ್ನು ಹೀರುತ್ತವೆ. ಬುಡದ ಎಳೆಯ ಕೋಶಗಳು ದ್ರವ ಸುರಿಸುತ್ತವೆ. ರೋಟಾವೈರಸ್ ಹೊಗುವುದು ತುದಿಯ ಕೋಶಗಳಿಗೆ. ಅವು ಸತ್ತು ಉದುರಿ ಕುಚ್ಚು ಮೊಂಡಾಗುತ್ತದೆ. ಹೀರುವವರು ಕಡಿಮೆಯಾಗಿ ಸುರಿಸುವವರದೇ ಮೇಲುಗೈಯಾಗುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಇದ್ದದ್ದೂ ಆ ತುದಿಯಲ್ಲೇ. ಅದು ಹೋದಾಗ ಒಡೆಯದ ಸಕ್ಕರೆ ಕರುಳಿನಲ್ಲಿ ಉಳಿದು ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ. ಸಾಲದ್ದಕ್ಕೆ ವೈರಾಣು ಎನ್‌ಎಸ್‌ಪಿ4 ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ವೈರಾಣುವೂ ಕಾಲರಾದ ಬ್ಯಾಕ್ಟೀರಿಯಾದ ಹಾಗೆ ಕರುಳಿಗೆ ವಿಷವುಣಿಸಬಲ್ಲದು ಎಂದು 1996ರಲ್ಲಿ ಮೊದಲ ಸಲ ತಿಳಿದದ್ದು ಈ ಪ್ರೋಟೀನಿನಿಂದಲೇ. ಅದು ಕೋಶಗಳೊಳಗಿನ ಕ್ಯಾಲ್ಸಿಯಂ ಏರಿಸಿ, ಕರುಳಿನ ನರಜಾಲವನ್ನು ಕೆರಳಿಸಿ ದ್ರವ ಸುರಿಸುತ್ತದೆ. ವಾಂತಿಗೂ ಇದೇ ದಾರಿ: ಕರುಳಿನ ಕೆಲವು ಕೋಶಗಳು ಬಿಡುಗಡೆ ಮಾಡುವ ಸೆರೊಟೋನಿನ್ ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ.

ಬುಡದ ಎಳೆಯ ಕೋಶಗಳನ್ನು ವೈರಾಣು ಮುಟ್ಟುವುದಿಲ್ಲ. ಅವು ಬಲಿತು ಮೇಲೇರಿ ಕೆಲವೇ ದಿನಗಳಲ್ಲಿ ಕುಚ್ಚು ಮತ್ತೆ ಬೆಳೆಯುತ್ತದೆ. ರೋಗ ತಾನಾಗಿಯೇ ವಾಸಿಯಾಗುವುದು ಇದರಿಂದ. ವೈದ್ಯ ಮಾಡಬೇಕಾದದ್ದು ಆ ನಾಲ್ಕಾರು ದಿನ ಮಗುವನ್ನು ಒಣಗಗೊಡದೆ ಕಾಪಾಡುವುದು, ಅಷ್ಟೇ.

ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲವೇ? ಬರುತ್ತದೆ, ಆದರೆ ಸಾಮಾನ್ಯವಾಗಿ ಮೊದಲಿನಷ್ಟು ಜೋರಾಗಿ ಅಲ್ಲ. ಮೆಕ್ಸಿಕೊದಲ್ಲಿ 200 ಮಕ್ಕಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಎರಡು ಸಲ ಸೋಂಕಾದ ಮಕ್ಕಳಲ್ಲಿ ಯಾರಿಗೂ ಮತ್ತೆ ತೀವ್ರ ಭೇದಿಯಾಗಲಿಲ್ಲ. ಲಸಿಕೆ ತಯಾರಕರ ಭರವಸೆಯೆಲ್ಲ ಈ ಫಲಿತಾಂಶದ ಮೇಲೆ ನಿಂತಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಗಗನ್‌ದೀಪ್ ಕಾಂಗ್ ಮತ್ತು ತಂಡ ಅಲ್ಲಿನ ಕೊಳೆಗೇರಿಗಳ 373 ಮಕ್ಕಳನ್ನು ಹುಟ್ಟಿದಾಗಿನಿಂದ ಮೂರು ವರ್ಷ ಗಮನಿಸಿ 2011ರಲ್ಲಿ ಬರೆದ ವರದಿ ಬೇರೆಯದನ್ನೇ ಹೇಳಿತು. ಮೂರು ಸಲ ಸೋಂಕಾದ ಮೇಲೂ ಮಧ್ಯಮ ಅಥವಾ ತೀವ್ರ ಭೇದಿಯಿಂದ ಸಿಕ್ಕ ರಕ್ಷಣೆ ನೂರಕ್ಕೆ 79 ಮಾತ್ರ. ನಮ್ಮ ಮಕ್ಕಳಿಗೆ ಸೋಂಕು ಬೇಗ ತಗುಲುತ್ತದೆ, ಮತ್ತೆ ಮತ್ತೆ ತಗುಲುತ್ತದೆ, ರಕ್ಷಣೆ ಮಾತ್ರ ಅರ್ಧಂಬರ್ಧ. ಪರದೇಶದ ಲಸಿಕೆಯ ಅಂಕಿಗಳನ್ನು ಹಾಗೆಹಾಗೇ ಇಲ್ಲಿಗೆ ತಂದು ಅನ್ವಯಿಸಬಾರದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ನೊರೊವೈರಸ್

ಒಂಟಿ ಎಳೆಯ ಆರ್‌ಎನ್‌ಎ, ಕ್ಯಾಲಿಸಿವೈರಸ್ ಕುಟುಂಬ. ಸೋಂಕಾದ 12ರಿಂದ 48 ಗಂಟೆಯಲ್ಲಿ ಹಠಾತ್ತನೆ ವಾಂತಿ ಶುರುವಾಗುತ್ತದೆ. ಒಂದರಿಂದ ಮೂರು ದಿನದಲ್ಲಿ ಮುಗಿಯುತ್ತದೆ. ರೋಟಾವೈರಸ್ ಎಳೆಯರ ರೋಗವಾದರೆ ಇದಕ್ಕೆ ವಯಸ್ಸಿನ ಕಟ್ಟಳೆಯಿಲ್ಲ. ಮಗುವಿನಿಂದ ಅಜ್ಜಿಗೆ, ಅಜ್ಜಿಯಿಂದ ಅಡುಗೆಯವರಿಗೆ ದಾಟುತ್ತದೆ. ಹಾಸ್ಟೆಲ್, ಹಡಗು, ಮದುವೆ ಊಟ, ವೃದ್ಧಾಶ್ರಮಗಳಲ್ಲಿ ಒಟ್ಟೊಟ್ಟಿಗೆ ಹತ್ತಾರು ಮಂದಿ ಮಲಗಿದರೆ ಮೊದಲ ಅನುಮಾನ ಇದರ ಮೇಲೆ. ಕೊಡಗು, ಮೈಸೂರಿಗೆ ಅಂಟಿಕೊಂಡಿರುವ ಕೇರಳದ ವಯನಾಡಿನಲ್ಲಿ, ಪೂಕೋಡು ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಲ್ಲಿ 2021ರ ನವೆಂಬರಿನಲ್ಲಿ ಇದು ಪತ್ತೆಯಾದಾಗ ಪತ್ರಿಕೆಗಳು ಹೊಸ ವೈರಾಣು ಬಂತೆಂದು ಬರೆದವು. ಹೊಸದಾಗಿ ಬಂದದ್ದು ಪರೀಕ್ಷೆ; ವೈರಾಣು ಮೊದಲಿನಿಂದಲೂ ಇಲ್ಲೇ ಇತ್ತು.

ಕೆಲವರಿಗೆ ಇದು ತಗುಲುವುದೇ ಇಲ್ಲ ಎಂಬುದೊಂದು ಸ್ವಾರಸ್ಯದ ಸಂಗತಿ. ರಕ್ತದ ಗುಂಪನ್ನು ನಿರ್ಧರಿಸುವ ಸಕ್ಕರೆಯ ಅಣುಗಳು ಕರುಳಿನ ಕೋಶಗಳ ಮೇಲೂ ಇರುತ್ತವೆ. ನೊರೊವೈರಸ್ ಹಿಡಿದುಕೊಳ್ಳುವುದು ಅವನ್ನೇ. ಎಫ್‌ಯುಟಿ2 ಎಂಬ ಜೀನ್ ಕೆಲಸ ಮಾಡದವರಲ್ಲಿ ಆ ಅಣುಗಳು ಕರುಳಿನ ಮೇಲೆ ಮೂಡುವುದಿಲ್ಲ, ಹಾಗಾಗಿ ಇದರ ಹಲವು ತಳಿಗಳಿಗೆ ಹಿಡಿಯಲು ಕೊಕ್ಕೆಯೇ ಸಿಗುವುದಿಲ್ಲ. ಕೋವಿಡ್‌ನ ನಂತರ ಪ್ರತಿ ಮನೆಯಲ್ಲಿರುವ ಸ್ಯಾನಿಟೈಜರ್ ಈ ವೈರಾಣುವಿನ ಮುಂದೆ ಹೆಚ್ಚು ನಡೆಯುವುದಿಲ್ಲ. ಆಲ್ಕೋಹಾಲು ಕರಗಿಸಬೇಕಾದ ಕೊಬ್ಬಿನ ಹೊದಿಕೆ ಇದಕ್ಕಿಲ್ಲ. ಸೋಪು ಹಚ್ಚಿ ಉಜ್ಜಿ ನೀರಿನಲ್ಲಿ ತೊಳೆಯುವುದೇ ಸರಿ. ವಾಂತಿ ಬಿದ್ದ ನೆಲಕ್ಕೆ ಬ್ಲೀಚಿಂಗ್ ದ್ರಾವಣ ಬೇಕು.

ಉಳಿದವು

ಸಾಪೊವೈರಸ್ ನೊರೊವೈರಸ್ಸಿನ ದಾಯಾದಿ, ಕಾಟ ಕಡಿಮೆ. ಆಸ್ಟ್ರೊವೈರಸ್ ಕೂಡ ಸೌಮ್ಯ. ಸೂಕ್ಷ್ಮದರ್ಶಕದಲ್ಲಿ ಕೆಲವು ಕಣಗಳ ಮೈಮೇಲೆ ಐದಾರು ಮೊನೆಯ ನಕ್ಷತ್ರ ಕಾಣುವುದರಿಂದ ಆ ಹೆಸರು. ಅಡೆನೊವೈರಸ್ಸಿನ ಬಗೆಗಳು ಹಲವಾರಿದ್ದು, ಹೆಚ್ಚಿನವು ನೆಗಡಿ, ಕಣ್ಣುಬೇನೆ ತರುವಂಥವು. 40 ಮತ್ತು 41 ಮಾತ್ರ ಕರುಳಿನವು. ಈ ಐದರಲ್ಲಿ ಡಿಎನ್‌ಎ ಇರುವುದು ಇವಕ್ಕೆ ಮಾತ್ರ. ಜ್ವರ, ವಾಂತಿ ಅಷ್ಟಿಲ್ಲದಿದ್ದರೂ ಭೇದಿ ಎಂಟು ಹತ್ತು ದಿನ ಎಳೆಯುತ್ತದೆ. ಏಷ್ಯಾ ಮತ್ತು ಆಫ್ರಿಕದ ಏಳು ಕಡೆ 2007ರಿಂದ 2011ರವರೆಗೆ ನಡೆದ ದೊಡ್ಡ ಅಧ್ಯಯನದಲ್ಲಿ ಕೊಲ್ಕತ್ತವೂ ಒಂದು ಕೇಂದ್ರವಾಗಿತ್ತು. ಅದರ ಮಾದರಿಗಳನ್ನು ಹೆಚ್ಚು ಸೂಕ್ಷ್ಮವಾದ ಪಿಸಿಆರ್ ವಿಧಾನದಿಂದ ಮತ್ತೆ ಪರೀಕ್ಷಿಸಿದಾಗ ಅಡೆನೊವೈರಸ್ಸಿನ ಪಾಲು ಮೊದಲು ಎಣಿಸಿದ್ದಕ್ಕಿಂತ ಬಹಳ ದೊಡ್ಡದೆಂದು ಗೊತ್ತಾಯಿತು. 2022ರಲ್ಲಿ ಬ್ರಿಟನ್ನಿನ ಮಕ್ಕಳಲ್ಲಿ ಕಾರಣ ತಿಳಿಯದ ಯಕೃತ್ತಿನ ಉರಿಯೂತ ಕಾಣಿಸಿಕೊಂಡಾಗ 41ನೆಯ ಬಗೆಯ ಮೇಲೆ ಅನುಮಾನ ಬಿದ್ದಿತ್ತು. ಮರುವರ್ಷದ ಸಂಶೋಧನೆಗಳು ಇದರ ಜೊತೆಯಲ್ಲಿ ಸವಾರಿ ಮಾಡುವ ಇನ್ನೊಂದು ಚಿಕ್ಕ ವೈರಾಣುವಿನ ಕಡೆ ಬೆರಳು ತೋರಿದವು.

ಲಕ್ಷಣ

ಯಾವ ವೈರಾಣು ಎಂಬುದನ್ನು ಮಗುವನ್ನು ನೋಡಿ ಹೇಳಲಾಗದು, ಹೇಳುವ ಅಗತ್ಯವೂ ಇಲ್ಲ. ಮಲಪರೀಕ್ಷೆ ಸಂಶೋಧನೆಗೆ, ಸಮೀಕ್ಷೆಗೆ ಬೇಕು; ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ. ನೋಡಬೇಕಾದದ್ದು ಎರಡು. ಮಲದಲ್ಲಿ ರಕ್ತವಿದೆಯೇ? ಇದ್ದರೆ ಅದು ಆಮಶಂಕೆ. ಬ್ಯಾಕ್ಟೀರಿಯಾದ ಕೆಲಸವಿರಬಹುದು, ದಾರಿ ಬೇರೆ. ಎರಡನೆಯದು, ಮೈಯಲ್ಲಿ ನೀರು ಎಷ್ಟು ಕಡಿಮೆಯಾಗಿದೆ ಎಂಬುದು. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಡಬೇಕು. ಆರೋಗ್ಯವಂತ ಮಗುವಿನಲ್ಲಿ ಅದು ತಕ್ಷಣ ಸಮನಾಗುತ್ತದೆ. ನೀರು ಬತ್ತಿದ ಮಗುವಿನಲ್ಲಿ ಮಡಿಕೆ ಕ್ಷಣಕಾಲ ನಿಂತು ನಿಧಾನಕ್ಕೆ ಇಳಿಯುತ್ತದೆ. ಎರಡು ಸೆಕೆಂಡಿಗೂ ಹೆಚ್ಚು ನಿಂತರೆ ಅಪಾಯ. ಕಣ್ಣು ಗುಳಿಬಿದ್ದಿರುವುದು, ಅತ್ತರೆ ಕಣ್ಣೀರು ಬಾರದಿರುವುದು, ಬಾಯಿ ಒಣಗುವುದು, ಆರೆಂಟು ಗಂಟೆ ಮೂತ್ರ ಹೋಗದಿರುವುದು, ಎಳೆಕೂಸಿನ ನೆತ್ತಿ ಒಳಗೆ ಕುಸಿಯುವುದು ಉಳಿದ ಗುರುತುಗಳು. ನೆತ್ತಿ ಬಿದ್ದಿದೆ ಎಂದು ನೆತ್ತಿಗೆ ಎಣ್ಣೆ ಒತ್ತಿ ಸುಮ್ಮನಾಗುವ ಮನೆಗಳಿವೆ. ಗುರುತು ಹಿಡಿದದ್ದು ಸರಿ, ಮದ್ದು ತಪ್ಪು. ರಚ್ಚೆ ಹಿಡಿದು ನೀರಿಗಾಗಿ ಬಾಯಿ ಚಾಚುವ ಮಗುವಿಗೆ ಇನ್ನೂ ಕಾಲ ಮಿಂಚಿಲ್ಲ. ಮಂಕಾಗಿ ತೂಕಡಿಸುತ್ತ, ಕೊಟ್ಟ ನೀರನ್ನೂ ಕುಡಿಯಲಾರದ ಮಗುವನ್ನು ಆಗಿಂದಾಗಲೇ ಆಸ್ಪತ್ರೆಗೆ ಒಯ್ಯಬೇಕು.

ಚಿಕಿತ್ಸೆ

ಈ ವೈರಾಣುಗಳನ್ನು ಕೊಲ್ಲುವ ಔಷಧಿ ಬಳಕೆಯಲ್ಲಿಲ್ಲ. ಇರುವುದು ಓಆರ್‌ಎಸ್, ಸತು, ಎದೆಹಾಲು ಮತ್ತು ಊಟ. ಇವು ಅಗ್ಗವಾದದ್ದರಿಂದಲೇ ಜನಕ್ಕೂ ಕೆಲವು ವೈದ್ಯರಿಗೂ ಇವುಗಳ ಮೇಲೆ ನಂಬಿಕೆ ಕಡಿಮೆ ಎಂದು ಕಾಣುತ್ತದೆ.

ಓಆರ್‌ಎಸ್ ಕೆಲಸ ಮಾಡುವುದು ಕರುಳಿನ ಒಂದು ಬಾಗಿಲಿನಿಂದ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ಆ ಬಾಗಿಲು ಎರಡನ್ನೂ ಒಳಕ್ಕೆ ಬಿಡುತ್ತದೆ. ಅವುಗಳ ಹಿಂದೆ ನೀರು ಹೋಗುತ್ತದೆ. ಅಮೆರಿಕದ ರಾಬರ್ಟ್ ಕ್ರೇನ್ 1960ರಲ್ಲಿ ವಿವರಿಸಿದ ಈ ವ್ಯವಸ್ಥೆ ಎಷ್ಟೇ ಭೇದಿಯಾಗುತ್ತಿದ್ದರೂ ಬಹುಮಟ್ಟಿಗೆ ನಡೆಯುತ್ತಿರುತ್ತದೆ. ಬರಿಯ ನೀರು ಕೊಟ್ಟರೆ ಬಾಗಿಲು ತೆರೆಯದು, ಬರಿಯ ಸಕ್ಕರೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ. ಇದನ್ನು ಆಸ್ಪತ್ರೆಯ ಗೋಡೆಯಾಚೆ ಸಾಧಿಸಿ ತೋರಿಸಿದವರು ದಿಲೀಪ್ ಮಹಲನಬಿಸ್. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದಿತ್ತು, ಡ್ರಿಪ್ಸ್ ಬಾಟಲಿ ಮುಗಿದಿತ್ತು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ಪುಡಿ ಬೆರೆಸಿ ಪಾಲಿಥೀನ್ ಚೀಲದಲ್ಲಿ ತುಂಬಿ, ಇಸ್ತ್ರಿಯಿಂದ ಬಾಯಿ ಅಂಟಿಸಿ ಕಲ್ಕತ್ತದಿಂದ ಸಾಗಿಸಿದರು. ಶಿಬಿರದಲ್ಲಿ ಅದನ್ನು ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಕರಗಿಸಿಟ್ಟರು. ಮನೆಮಂದಿಯೇ ಲೋಟದಲ್ಲಿ ಹಿಡಿದು ರೋಗಿಗೆ ಕುಡಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಬದುಕಿದ್ದಾಗ ದೇಶ ಅವರನ್ನು ಹೆಚ್ಚು ಗುರುತಿಸಲಿಲ್ಲ. 2022ರಲ್ಲಿ ತೀರಿಕೊಂಡ ಮೇಲೆ 2023ರಲ್ಲಿ ಪದ್ಮವಿಭೂಷಣ ಬಂತು.

ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಸೋಡಿಯಂ ಕ್ಲೋರೈಡ್ 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತದೆ. ಲೀಟರಿನ ಪೊಟ್ಟಣವನ್ನು ಲೀಟರಿಗೇ ಕಲಸಬೇಕು. ಒಂದು ಲೋಟಕ್ಕೆ ಚಿಟಿಕೆಯಂತೆ ಹಾಕಿ ಉಳಿದದ್ದನ್ನು ಮಡಚಿಡುವ ರೂಢಿ ಅಪಾಯದ್ದು: ಉಪ್ಪು ಹೆಚ್ಚಾದರೂ ಕೆಡುಕು, ಕಡಿಮೆಯಾದರೂ ಉಪಯೋಗವಿಲ್ಲ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಮಿಕ್ಕದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ ಅದರ ಎರಡರಷ್ಟು. ವಾಂತಿಯಾಗುತ್ತಿದೆ, ಏನೂ ನಿಲ್ಲುತ್ತಿಲ್ಲ ಎಂಬ ದೂರು ಸಾಮಾನ್ಯ. ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಒಂದೆರಡು ನಿಮಿಷಕ್ಕೊಮ್ಮೆ ಕೊಡುತ್ತ ಹೋದರೆ ಹೆಚ್ಚಿನ ಮಕ್ಕಳಲ್ಲಿ ನಿಲ್ಲುತ್ತದೆ. ಲೋಟ ಎತ್ತಿ ಕುಡಿಸಿದರೆ ಮಾತ್ರ ಎಲ್ಲವೂ ಹೊರಗೆ. ಪೊಟ್ಟಣ ಸಿಗದ ಹೊತ್ತಿನಲ್ಲಿ ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲ್ಲವೇ ಉಪ್ಪು ಹಾಕಿದ ಗಂಜಿತಿಳಿ, ನೀರುಮಜ್ಜಿಗೆ. ಬಾಟಲಿಯ ಜ್ಯೂಸು, ಸೋಡಾಗಳಲ್ಲಿ ಸಕ್ಕರೆ ವಿಪರೀತವಿದ್ದು ಭೇದಿಯನ್ನು ಹೆಚ್ಚಿಸುತ್ತವೆ. ಅಂಥ ಸಿಹಿಪಾನೀಯಗಳೇ ಓಆರ್‌ಎಸ್ ಎಂಬ ಹೆಸರು ಹೊತ್ತು ಔಷಧಿ ಅಂಗಡಿಯಲ್ಲಿ ವರ್ಷಗಟ್ಟಲೆ ಮಾರಾಟವಾದವು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಆ ಹೆಸರು ಬಳಸಕೂಡದೆಂದು ಕಟ್ಟುನಿಟ್ಟು ಮಾಡಿದ್ದು 2025ರ ಅಕ್ಟೋಬರಿನಲ್ಲಿ.

ಸತುವಿನ ಮಾತ್ರೆಯನ್ನು ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ, ಅದಕ್ಕಿಂತ ಚಿಕ್ಕದಕ್ಕೆ 10ರಂತೆ, ಚಮಚ ನೀರಿನಲ್ಲೋ ಎದೆಹಾಲಿನಲ್ಲೋ ಕರಗಿಸಿ 14 ದಿನ ಕೊಡಬೇಕು. ಭೇದಿ ನಿಂತ ಮೇಲೂ ಕೊಡಬೇಕೆಂಬುದೇ ಹಲವರಿಗೆ ಒಪ್ಪಿಗೆಯಾಗದ ಮಾತು. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ನೂರಕ್ಕೆ ಸುಮಾರು 60 ಮಂದಿಗೆ, ಸತು ಸಿಕ್ಕಿದ್ದು ಸುಮಾರು 30 ಮಂದಿಗೆ. ಆ್ಯಂಟಿಬಯೋಟಿಕ್ ವೈರಾಣುವನ್ನು ಮುಟ್ಟುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೆಡಿಸುತ್ತದೆ. ಭೇದಿ ಕಟ್ಟುವ ಲೋಪೆರಮೈಡ್‌ನಂಥ ಮಾತ್ರೆ ಎಳೆಯ ಮಕ್ಕಳಿಗೆ ಕೂಡದು. ಪ್ರೊಬಯೋಟಿಕ್ ಪುಡಿಗಳ ಬಗ್ಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳು 2018ರಲ್ಲಿ ಪ್ರಕಟವಾದವು. ಎರಡರಲ್ಲೂ ಪ್ರಯೋಜನ ಕಾಣಲಿಲ್ಲ. ಹೊಟ್ಟೆಗೆ ವಿಶ್ರಾಂತಿ ಎಂದು ಮಗುವನ್ನು ಉಪವಾಸ ಕೆಡವುವುದು ಹಳೆಯ ತಪ್ಪು. ಎದೆಹಾಲು ನಿಲ್ಲಿಸಕೂಡದು, ಮೊಸರನ್ನ, ಇಡ್ಲಿ, ಬಾಳೆಹಣ್ಣು, ಬೇಳೆಕಟ್ಟಿನ ಅನ್ನ, ಮಗು ಕೇಳಿದಷ್ಟು ಸಲ ಸ್ವಲ್ಪಸ್ವಲ್ಪವಾಗಿ ಕೊಡಬಹುದು.

ಲಸಿಕೆ

ಚೊಕ್ಕಟತನದಿಂದಷ್ಟೇ ತಡೆಯಲಾಗದ ರೋಗಕ್ಕೆ ಲಸಿಕೆಯೇ ದಾರಿ ಎಂದು ಮೊದಲೇ ಗೊತ್ತಿತ್ತು. ನಾರ್ವಾಕ್ ವೈರಾಣುವನ್ನು ಕಂಡ ಕಪೀಕಿಯನ್ನರ ತಂಡವೇ ಕೋತಿಯ ರೋಟಾವೈರಸ್ ಆಧಾರದ ಮೇಲೆ ರೂಪಿಸಿದ ರೋಟಾಶೀಲ್ಡ್ 1998ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಮರುವರ್ಷವೇ, ಲಸಿಕೆ ಪಡೆದ ಸುಮಾರು ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೆ ಕರುಳಿನೊಳಗೆ ಕರುಳು ಮಡಚಿ ಸಿಕ್ಕಿಕೊಳ್ಳುವ ತೊಂದರೆ ಕಂಡು ಅದನ್ನು ಹಿಂದಕ್ಕೆ ಪಡೆದರು. ವರ್ಷಕ್ಕೆ ಕೆಲವೇ ಮಕ್ಕಳು ಸಾಯುವ ದೇಶದಲ್ಲಿ ಅದು ಸರಿಯಾದ ತೀರ್ಮಾನ. ಸಾವಿರಗಟ್ಟಲೆ ಸಾಯುವ ದೇಶಗಳ ಲೆಕ್ಕ ಬೇರೆಯಿತ್ತು. ಆದರೆ ಅಮೆರಿಕ ಬೇಡವೆಂದದ್ದನ್ನು ತನ್ನ ಮಕ್ಕಳಿಗೆ ಹಾಕಿಸುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ. ಮುಂದಿನ ರೋಟಾರಿಕ್ಸ್, ರೋಟಾಟೆಕ್ ಲಸಿಕೆಗಳು 2006ರ ಹೊತ್ತಿಗೆ ಬಂದವು. ತಲಾ 60 ಸಾವಿರಕ್ಕೂ ಹೆಚ್ಚು ಶಿಶುಗಳ ಮೇಲೆ ಪರೀಕ್ಷಿಸಿದ ನಂತರ. ಎಲ್ಲ ದೇಶಗಳೂ ಲಸಿಕೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಶಿಫಾರಸು ಮಾಡಿತು.

ಭಾರತದ ಲಸಿಕೆ ಹುಟ್ಟಿದ್ದು ನವಜಾತ ಶಿಶುಗಳ ವಾರ್ಡಿನಲ್ಲಿ. 1980ರ ದಶಕದ ನಡುವಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಎಂ. ಕೆ. ಭಾನ್, ಅಲ್ಲಿನ ಹಸುಳೆಗಳಲ್ಲಿ ರೋಟಾವೈರಸ್ ಇದ್ದೂ ರೋಗವಿಲ್ಲದ್ದನ್ನು ಗಮನಿಸಿದರು. ಆ ಹಸುಳೆಗಳಿಗೆ ಮುಂದೆ ತೀವ್ರ ಭೇದಿ ಬರುವುದೂ ಕಡಿಮೆ. ಆ ತಳಿಯೇ 116ಇ: ಮನುಷ್ಯನ ವೈರಾಣು, ಒಂದು ಜೀನ್ ಮಾತ್ರ ದನದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ನಗರದ ನವಜಾತ ಶಿಶುಗಳಲ್ಲಿ ಅಂಥದೇ ಇನ್ನೊಂದನ್ನು ಕಂಡು 1990ರ ದಶಕದ ಮೊದಲಲ್ಲಿ ವರದಿ ಮಾಡಿದರು. ಐ321 ಎಂಬ ಆ ತಳಿಯಲ್ಲಿ ಲೆಕ್ಕ ತಿರುಗುಮುರುಗು: ಹನ್ನೊಂದು ಜೀನುಗಳಲ್ಲಿ ಒಂಬತ್ತು ದನದವು, ಎರಡು ಮಾತ್ರ ಮನುಷ್ಯನವು. ಹಟ್ಟಿ ಮತ್ತು ಬಾಣಂತಿಕೋಣೆ ಒಂದೇ ಸೂರಿನಡಿ ಇರುವ ನಾಡಿನಲ್ಲಿ ಇದು ಅಚ್ಚರಿಯೇನಲ್ಲ. ದೆಹಲಿ, ಬೆಂಗಳೂರಿನ ತಳಿಗಳೆರಡನ್ನೂ ಲಸಿಕೆಯ ಅಭ್ಯರ್ಥಿಗಳಾಗಿ ಮಕ್ಕಳಲ್ಲಿ ಪರೀಕ್ಷಿಸಿದಾಗ 116ಇ ಹೆಚ್ಚು ಮಕ್ಕಳಲ್ಲಿ ಪ್ರತಿಕಾಯ ಹುಟ್ಟಿಸಿ ಮುಂದೆ ಹೋಯಿತು. ಐ321 ಅಲ್ಲಿಗೇ ನಿಂತಿತು.

ಹೈದರಾಬಾದಿನ ಭಾರತ್ ಬಯೋಟೆಕ್ 116ಇಯಿಂದ ರೋಟಾವ್ಯಾಕ್ ತಯಾರಿಸಿತು. ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳ ಮೇಲೆ ನಡೆದ ಅಂತಿಮ ಹಂತದ ಪ್ರಯೋಗದಲ್ಲಿ ತೀವ್ರ ರೋಟಾವೈರಸ್ ಭೇದಿಯನ್ನು ಅದು ತಡೆದದ್ದು ನೂರಕ್ಕೆ ಸುಮಾರು 54ರಷ್ಟು. ಶ್ರೀಮಂತ ದೇಶಗಳಲ್ಲಿ ವಿದೇಶಿ ಲಸಿಕೆಗಳ ಸಾಧನೆ 85ಕ್ಕೂ ಮೇಲೆ. ಈ ಅಂತರ ನಮ್ಮ ಲಸಿಕೆಯ ಕೊರತೆಯಲ್ಲ. ಅವೇ ವಿದೇಶಿ ಲಸಿಕೆಗಳೂ ಆಫ್ರಿಕ, ಏಷ್ಯಾದ ಬಡ ಮಕ್ಕಳಲ್ಲಿ ಹೆಚ್ಚುಕಡಿಮೆ ಇಷ್ಟೇ ಫಲ ಕೊಟ್ಟವು. ತಾಯಿಯಿಂದ ಬಂದ ಪ್ರತಿಕಾಯಗಳು, ಪೌಷ್ಟಿಕತೆಯ ಕೊರತೆ, ಸದಾ ಕೆರಳಿದಂತಿರುವ ಕರುಳು, ಜೊತೆಗೆ ಹಾಕುವ ಪೋಲಿಯೊ ಹನಿ, ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ಅರ್ಧದಷ್ಟು ಫಲ ಕೊಡುವ ಲಸಿಕೆಯೂ ಸಾವು ಹೆಚ್ಚಿರುವಲ್ಲಿ ಹೆಚ್ಚು ಜೀವ ಉಳಿಸುತ್ತದೆ, ಲೆಕ್ಕ ಸರಳ. 2016ರ ಮಾರ್ಚಿನಲ್ಲಿ ಆಂಧ್ರಪ್ರದೇಶ, ಹರಿಯಾಣ, ಹಿಮಾಚಲ ಪ್ರದೇಶ, ಒಡಿಶಾಗಳಲ್ಲಿ ಸರ್ಕಾರ ಉಚಿತವಾಗಿ ಕೊಡಲು ಆರಂಭಿಸಿತು. 2019ರಲ್ಲಿ ಕರ್ನಾಟಕವೂ ಸೇರಿದಂತೆ ದೇಶಕ್ಕೆಲ್ಲ ಹಬ್ಬಿತು. ಪುಣೆಯ ಸೀರಂ ಸಂಸ್ಥೆಯ ರೋಟಾಸಿಲ್ ಕೂಡ ಬಳಕೆಯಲ್ಲಿದೆ. ಆರು, ಹತ್ತು, ಹದಿನಾಲ್ಕು ವಾರಗಳಿಗೆ ಮೂರು ಸಲ ಬಾಯಿಗೆ ಹಾಕಿ ತಾಯಿ ಕಾರ್ಡಿನಲ್ಲಿ ಗುರುತು ಮಾಡುತ್ತಾರೆ. ಸಾರ್ವಜನಿಕ ಬಳಕೆಯ ಮೊದಲ ವರ್ಷಗಳನ್ನು ಹಲವು ರಾಜ್ಯಗಳ ಆಸ್ಪತ್ರೆಗಳಲ್ಲಿ ಅಳೆದು ನೋಡಿದಾಗ ಪ್ರಯೋಗದಷ್ಟೇ ಫಲ ಹೊರಗೂ ಕಂಡಿತು. ಭೇದಿಯಿಂದ ಆಸ್ಪತ್ರೆ ಸೇರುವ ಮಕ್ಕಳಲ್ಲಿ ನೂರಕ್ಕೆ 40ರಷ್ಟಿದ್ದ ರೋಟಾವೈರಸ್ಸಿನ ಪಾಲು ಸುಮಾರು ಅರ್ಧಕ್ಕೆ ಇಳಿಯಿತು. ಲಸಿಕೆ ಹಾಕಿಸಿದ ಮೇಲೂ ಮಗುವಿಗೆ ಭೇದಿಯಾದರೆ ಅದು ಬೇರೆ ವೈರಾಣುವಿನದೂ ಇರಬಹುದು. ಈ ಹನಿಗಳು ತಡೆಯುವುದು ಒಂದನ್ನು ಮಾತ್ರ.

ಮೆಲ್ಬರ್ನ್‌ನ ಹೆರಿಗೆ ವಾರ್ಡುಗಳಲ್ಲಿ 1970ರ ದಶಕದಲ್ಲಿ ಸಿಕ್ಕಿದ್ದ ಇನ್ನೊಂದು ಹಸುಳೆ ತಳಿಯಿಂದ ಆರ್‌ವಿ3-ಬಿಬಿ ಎಂಬ ಲಸಿಕೆ ರೂಪುಗೊಂಡಿದೆ. ಇಂಡೊನೇಷ್ಯಾದಲ್ಲಿ ಹುಟ್ಟಿದ ಐದು ದಿನದೊಳಗೇ ಮೊದಲ ಡೋಸು ಕೊಟ್ಟಾಗ ನೂರಕ್ಕೆ 75ರ ರಕ್ಷಣೆ ದೊರೆತದ್ದನ್ನು 2018ರ ವರದಿ ತಿಳಿಸುತ್ತದೆ.

ರೋಟಾವೈರಸ್ ಹಿಂದೆ ಸರಿದಲ್ಲೆಲ್ಲ ನೊರೊವೈರಸ್ ಮುಂದಕ್ಕೆ ಬರುತ್ತದೆ. ಅಮೆರಿಕದಲ್ಲಿ ಮಕ್ಕಳನ್ನು ವೈದ್ಯರ ಬಳಿ ಕರೆತರುವ ವಾಂತಿಭೇದಿಗೆ ಅದೇ ಮೊದಲ ಕಾರಣವಾಗಿದೆ ಎಂದು 2013ರ ಹೊತ್ತಿಗೇ ಗೊತ್ತಾಗಿತ್ತು. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ನಲವತ್ತು ವರ್ಷ ಯಾರಿಗೂ ಆಗಿರಲಿಲ್ಲ. ಮನುಷ್ಯನ ಕರುಳಿನ ಕಾಂಡಕೋಶಗಳಿಂದ ತಟ್ಟೆಯಲ್ಲಿ ಪುಟ್ಟ ಕರುಳನ್ನೇ ಬೆಳೆಸಿ, ಅದಕ್ಕೆ ಸೋಂಕು ಹತ್ತಿಸುವ ವಿಧಾನವನ್ನು ಟೆಕ್ಸಾಸಿನ ಮೇರಿ ಎಸ್ಟೆಸ್ ಅವರ ತಂಡ 2016ರಲ್ಲಿ ಪ್ರಕಟಿಸಿತು. ಎನ್‌ಎಸ್‌ಪಿ4ರ ವಿಷವನ್ನು ಗುರುತಿಸಿದ್ದೂ ಅವರ ತಂಡವೇ. ತಳಿಗಳು ಬಹಳ, ಕೆಲವು ವರ್ಷಕ್ಕೊಮ್ಮೆ ರೂಪ ಬದಲಿಸುತ್ತವೆ, ಒಂದರ ವಿರುದ್ಧ ಬಂದ ರಕ್ಷಣೆ ಇನ್ನೊಂದಕ್ಕೆ ನಾಟುವುದಿಲ್ಲ. ಎಳೆಯ ಮಕ್ಕಳಿಗೆ ಹಾಕಬಹುದಾದ ನೊರೊವೈರಸ್ ಲಸಿಕೆ ಇನ್ನೂ ಯಾವ ದೇಶದ ಲಸಿಕಾ ಪಟ್ಟಿಯಲ್ಲೂ ಸೇರಿಲ್ಲ.